ಡಬಲ್ ವಾಯ್ಸ್

ನಮ್ಮ ಕಡೆ ರಾಜ್ಯೋತ್ಸವ ಒಂದು ದಿನದ ಹಬ್ಬವಲ್ಲ. ನವೆಂಬರ್ ಹುಟ್ಟಿತೆಂದರೆ ಒಂದೊಂದು ಬಡಾವಣೆಯವರು ತಮಗೆ ಶಾಮಿಯಾನ ಸಿಕ್ಕುವ ದಿನ, ಮುಖಂಡರಿಗೆ ಪುರುಸೊತ್ತಾಗುವ ದಿನ ನೋಡಿಕೊಂಡು ಬಾವುಟ ಹಾರಿಸುತ್ತಾ ಹೋಗುತ್ತಾರೆ. ಕೆಲವರದು ಡಿಸೆಂಬರಿಗೂ ಜಾರುವುದುಂಟು. ಸಹಕಾರನಗರದ ನಮ್ಮ ಮೈದಾನದ್ದು ಈ ಸಲ ನವೆಂಬರಿನ ಕೊನೆಯ ಶನಿವಾರ ಬಿತ್ತು. ತರಕಾರಿ ತರಲು ಹೋದವಳು ಮೂಲೆಯಲ್ಲಿ ಕಟ್ಟಿದ್ದ ಬ್ಯಾನರ್ ನೋಡಿ ನಿಂತೆ. ಮೇಲೆಲ್ಲ ಕೈಮುಗಿದ ಮುಖಂಡರು. ಅವರ ಕಾಲಡಿಯಲ್ಲಿ, ಉಳಿದ ಜಾಗದಲ್ಲಿ, ಸಂಜೆ ರಸಮಂಜರಿ ಎಂದು ಬರೆದಿತ್ತು. ರಸಮಂಜರಿ ಎಂದರೆ ಬೇರೇನಲ್ಲ, ಆರ್ಕೆಸ್ಟ್ರಾ. ಹಳೆಯ, ಹೊಸ ಸಿನಿಮಾ ಹಾಡುಗಳನ್ನು ಇದ್ದದ್ದು ಇದ್ದ ಹಾಗೆ ಹಾಡಿ ಹೋಗುವವರು. ಅದರ ಪಕ್ಕದಲ್ಲಿ ಮೊಟ್ಟೆಯಾಕಾರದ ಒಂದು ಫೋಟೋ, ನಮ್ಮ ಹಳೆಯ ಬೀದಿಯ ಗೆಳೆಯನದು. ಕೆಳಗೆ "ಡಬಲ್ ವಾಯ್ಸ್ ಖ್ಯಾತಿಯ" ಎಂದು.

ನಾನು ರಸ್ತೆಯಲ್ಲೇ ನಕ್ಕುಬಿಟ್ಟೆ. ಗಂಡು ದನಿ, ಹೆಣ್ಣು ದನಿ ಎರಡನ್ನೂ ಒಬ್ಬನೇ ಹಾಡುವವನನ್ನು ಆರ್ಕೆಸ್ಟ್ರಾದವರು ಡಬಲ್ ವಾಯ್ಸ್ ಎನ್ನುತ್ತಾರೆ. ಈ ಮಹಾಶಯನಿಗೆ ಆ ಖ್ಯಾತಿ ಎಲ್ಲಿಂದ ಬಂತೆಂದು ಬಲ್ಲವರು ಭೂಮಿಯ ಮೇಲೆ ಈಗ ನಾಲ್ಕು ಜನ. ಅವನು, ನಾನು, ನಾವು ಕರೆಂಟು ಎಂದು ಕರೆಯುವ ಗೆಳೆಯ, ಮತ್ತು ಅವಳು.

ನಾವು ನಾಲ್ವರೂ ಮತ್ತಿಕೆರೆಯ ಒಂದೇ ಬೀದಿಯವರು. ಆಗ ನಮ್ಮ ಮನೆಯಲ್ಲಿ ಹಸುಗಳಿದ್ದವು. ಈಗ ಅದೇ ಜಾಗದಲ್ಲಿ ನಾನು ಪಿಜಿ ನಡೆಸುತ್ತೇನೆ, ಕಾಲೇಜು ಹುಡುಗಿಯರಿದ್ದಾರೆ. ಗೀಜರ್ ಆರಿಸದೆ ಹೋಗುವ ಈ ಹುಡುಗಿಯರಿಗೆ ಹೋಲಿಸಿದರೆ ಹಸುಗಳೇ ವಾಸಿ, ಇರಲಿ. ಎದುರು ಮನೆ ಅವಳದು. ಅವಳ ತಂದೆಯದು ಮನೆಗೆ ಅಂಟಿಕೊಂಡೇ ಒಂದು ರಾಗಿ ಮಿಲ್ಲಿತ್ತು. ಆ ಮಿಲ್ಲು ಓಡುತ್ತಿದ್ದರೂ ಕೇಳುವ ಹಾಗೆ ಅವಳು ಹಾಡುತ್ತಿದ್ದಳು. ಹಿಟ್ಟು ಮಾಡಿಸಲು ಬಂದ ಹೆಂಗಸರು ಹಿಟ್ಟಾದ ಮೇಲೂ ಡಬ್ಬ ಹಿಡಿದು ನಿಂತಿರುತ್ತಿದ್ದರು.

ಗಣೇಶನನ್ನು ಕೂರಿಸುವಾಗ ನಮ್ಮ ಬೀದಿಯ ಹುಡುಗರು ತಾವೇ ಆರ್ಕೆಸ್ಟ್ರಾ ಕಟ್ಟಿದರು. ಯಾರದೋ ಕೀಬೋರ್ಡು, ಯಾರದೋ ಡ್ರಮ್ಮು, ಹಾಡಲು ಈ ನಮ್ಮವನು. ಡ್ಯೂಯೆಟ್ಟಿಗೆ ಹೆಣ್ಣು ದನಿ ಮಾತ್ರ ಇರಲಿಲ್ಲ. ಮಿಲ್ಲಿನ ಯಜಮಾನರನ್ನು ಕೇಳಲು ಹೋದವರು ಹೋದಷ್ಟೇ ಬೇಗ ವಾಪಸು ಬಂದರು. ನಮ್ಮನೆ ಹೆಣ್ಣು ಸ್ಟೇಜು ಹತ್ತುವುದಿಲ್ಲ ಎಂದು ಆತ ಎದ್ದೂ ನಿಲ್ಲದೆ ಹೇಳಿ ಕಳಿಸಿದ್ದರು. ದಾರಿ ತೋರಿಸಿದ್ದು ಅವಳ ತಾಯಿ. ಆ ಪುಣ್ಯಾತ್ಗಿತ್ತಿ ಈರುಳ್ಳಿ ಹೆಚ್ಚುತ್ತಲೇ, ತಲೆ ಎತ್ತದೆ, "ಸ್ಟೇಜ್ ಅತ್ತಬ್ಯಾಡ ಅಂದವ್ರೆ. ಅಡ್ಗೆಮನೇಲಿ ಆಡ್ಬ್ಯಾಡ ಅಂದಿಲ್ವಲ್ಲ" ಎಂದರು.

ಅವರ ಅಡುಗೆಮನೆಯ ಕಿಟಕಿ ಸ್ಟೇಜಿನ ಹಿಂಭಾಗಕ್ಕಿತ್ತು. ಕರೆಂಟು ಆಗಲೇ ಬಲ್ಬು, ಸ್ವಿಚ್ಚು ಎಂದು ಓಡಾಡುತ್ತಿದ್ದ ಹುಡುಗ. ಬಾರಿಸುವ ಹುಡುಗರಿಗೂ ಗೊತ್ತಾಗದ ಹಾಗೆ ಮೈಕಿನ ವೈರನ್ನು ಬಾಳೆಕಂದಿನ ಹಿಂದಿನಿಂದ ಎಳೆದು ಕಿಟಕಿಯ ಒಳಕ್ಕೆ ಬಿಟ್ಟ. ಒಲೆಯ ಮುಂದೆ ನಿಂತು ಅವಳು ಹಾಡುವುದು, ಸ್ಟೇಜಿನ ಮೇಲೆ ಇವನು ತನ್ನ ಗಂಡು ಸಾಲುಗಳನ್ನು ಹಾಡಿ, ಹೆಣ್ಣು ಸಾಲು ಬಂದಾಗ ಸುಮ್ಮನೆ ತುಟಿ ಆಡಿಸುವುದು. ಒಗ್ಗರಣೆ ಸಿಡಿಯದಂತೆ, ಕುಕ್ಕರ್ ಕೂಗದಂತೆ ಕಾಯುವುದು ನನ್ನ ಕೆಲಸ. ಒಂದು ವರ್ಷ ಕುಕ್ಕರ್ ಕೂಗಿಯೇ ಬಿಟ್ಟಿತು. ಜನ ಅದನ್ನೂ ಹಾಡಿನ ಭಾಗವೆಂದುಕೊಂಡು ವಾಪಸು ಶಿಳ್ಳೆ ಹೊಡೆದರು.

ತುಟಿ ಆಡಿಸುವುದು ಸುಲಭವೆಂದು ನಾನು ಅಂದುಕೊಂಡಿದ್ದೆ. ಅಲ್ಲ. ಹಬ್ಬಕ್ಕೆ ಒಂದು ತಿಂಗಳಿರುವಾಗಿನಿಂದ ಅವನು ದಿನಾ ಯಜಮಾನರಿಲ್ಲದ ಹೊತ್ತು ನೋಡಿ ಮಿಲ್ಲಿನ ಮೂಟೆಗಳ ಮೇಲೆ ಕೂತು ಅವಳ ಬಾಯನ್ನೇ ನೋಡುತ್ತಿದ್ದ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಯಾವ ಅಕ್ಷರಕ್ಕೆ ತುಟಿ ಎಷ್ಟು ತೆರೆಯುತ್ತಾಳೆ, ಎಲ್ಲಿ ಒಂಚೂರು ನಗುತ್ತಾಳೆ. ನಮ್ಮ ಬೀದಿಯಲ್ಲಿ ಅಷ್ಟು ಹೊತ್ತು ಒಬ್ಬ ಹುಡುಗ ಒಂದು ಹುಡುಗಿಯ ಮುಖ ನೋಡಿ ಏನೂ ಮಾತು ಬರದೇ ಇದ್ದದ್ದು ಅದೊಂದೇ ಸಲ. ಯಾಕೆಂದರೆ ಅವಳ ತಾಯಿ ಪಕ್ಕದಲ್ಲೇ ಮೊರ ಹಿಡಿದು ಕೂತಿರುತ್ತಿದ್ದರು.

ಕಾರ್ಯಕ್ರಮದ ದಿನ ಮಿಲ್ಲಿನ ಯಜಮಾನರದು ಮುಂದಿನ ಸಾಲು. ಸ್ವಂತ ಮಗಳ ದನಿ ಧ್ವನಿವರ್ಧಕದಲ್ಲಿ ಬರುತ್ತಿದೆ, ಆತ ತಲೆದೂಗುತ್ತಾ ಪಕ್ಕದವರಿಗೆ ಈ ಹುಡುಗ ಬಾಯಿ ಬಿಟ್ಟರೆ ಹೆಣ್ಣು ಮಗಳೇ ನಿಂತ ಹಾಗಿದೆ ಎಂದು ಹೇಳುತ್ತಿದ್ದಾರೆ. ಕೊನೆಯಲ್ಲಿ ಎದ್ದು ಅವನಿಗೆ ಶಾಲು ಹೊದಿಸಿದರು. ಕಿಟಕಿಯಿಂದ ಇದನ್ನು ನೋಡಿ ಅವಳು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ನನಗೆ ಮೈ ಉರಿಯುತ್ತಿತ್ತು. ಯಾರದೋ ದನಿಗೆ ಯಾರಿಗೋ ಶಾಲು. ನಾನು ಅವಳ ಜಾಗದಲ್ಲಿದ್ದಿದ್ದರೆ ಕುಕ್ಕರನ್ನು ಬೇಕೆಂದೇ ಕೂಗಿಸುತ್ತಿದ್ದೆ.

ಆಮೇಲೆ ಅವಳಿಗೆ ಮದುವೆಯಾಯಿತು. ಬಾಗಲಗುಂಟೆಗೆ ಹೋದಳು. ನಾನೂ ಮದುವೆಯಾಗಿ ಈ ಕಡೆ ಬಂದೆ. ಅವನು ಯಲಹಂಕದಲ್ಲಿ ಮನೆ ಮಾಡಿ, ಆರ್ಕೆಸ್ಟ್ರಾವನ್ನೇ ಕಸುಬು ಮಾಡಿಕೊಂಡ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಮಾತಾಡುತ್ತಿದ್ದೆವು. ಆದರೆ ಅವನ ಕಾರ್ಯಕ್ರಮಕ್ಕೆ ನಮ್ಮಲ್ಲಿ ಒಬ್ಬರೂ ಹೋದವರಲ್ಲ. ಹಿತ್ತಲ ಗಿಡ ಮದ್ದಲ್ಲ. ಡಬಲ್ ವಾಯ್ಸ್ ಎಂದು ಇನ್ನೂ ಹಾಕಿಕೊಳ್ಳುತ್ತಾನಲ್ಲ, ಪರದೆಯ ಹಿಂದೆ ಯಾವಳನ್ನೋ ನಿಲ್ಲಿಸಿಕೊಂಡಿದ್ದಾನೆ ಬಿಡು ಎಂದು ನಾವು ಮೂವರೂ ತೀರ್ಮಾನಿಸಿ, ಮರೆತೂ ಇದ್ದೆವು.

ಅವಳು ಮಾತ್ರ ಹಾಡುವುದನ್ನು ಬಿಡಲಿಲ್ಲ. ಸ್ಟೇಜು ಗೀಜು ಏನಿಲ್ಲ. ರುಬ್ಬುವಾಗ, ಬಟ್ಟೆ ಒಣಗಿಸುವಾಗ, ದೇವಸ್ಥಾನದ ಭಜನೆಯಲ್ಲಿ. ಮಗಳ ಮೊದಲ ಮಗುವನ್ನು ಮಲಗಿಸಿದ್ದೆಲ್ಲ ಅವಳ ಹಾಡೇ. ಎರಡು ವರ್ಷದ ಕೆಳಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡಿನ ಆಪರೇಷನ್ ಆಯಿತು, ಜೀವಕ್ಕೆ ಏನೂ ತೊಂದರೆಯಾಗಲಿಲ್ಲ, ದೇವರು ದೊಡ್ಡವನು. ದನಿ ಹೋಯಿತು. ಪೂರ್ತಿ ಹೋಗಿದ್ದರೆ ಜನ ಅಯ್ಯೋ ಎನ್ನುತ್ತಿದ್ದರೇನೋ. ಇದು ಕೆಳಕ್ಕಿಳಿದು, ಒರಟಾಗಿ, ಗಂಡಸಿನ ದನಿಯಂತಾಗಿ ಉಳಿಯಿತು. ಫೋನಿನಲ್ಲಿ ಕೊರಿಯರ್ ಹುಡುಗರು ಅವಳಿಗೆ ಸಾರ್ ಎನ್ನುತ್ತಿದ್ದರು. ಅವಳು ಫೋನ್ ಎತ್ತುವುದನ್ನು ಬಿಟ್ಟಳು. ಭಜನೆ ಬಿಟ್ಟಳು. ಎರಡನೆಯ ಮೊಮ್ಮಗುವಿಗೆ ಮೊಬೈಲಿನಲ್ಲಿ ಜೋಗುಳ ಹಾಕಿ ತಾನು ಎದ್ದು ಹೊರಗೆ ಹೋಗುತ್ತಾಳೆ ಎಂದು ಅವಳ ಮಗಳೇ ನನಗೆ ಹೇಳಿದಳು. ಬೇರೆಯವರು ಹಾಡಿದರೂ ಅವಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ನನಗೆ ಹೆದರಿಕೆಯಾದದ್ದು ಅದಕ್ಕೇ. ಹಾಡಲಾಗದಿದ್ದರೆ ಹಾಡಬೇಡ. ಕೇಳುವುದಕ್ಕೇನು ರೋಗ? ಹಾಡು ಕೇಳಿದರೆ ಎದ್ದು ಹೋಗುವ ಅವಳು ನನಗೆ ಗೊತ್ತಿರುವ ಅವಳಲ್ಲ. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಅವಳು ವಾಪಸು ಬರುವುದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಬ್ಯಾನರ್ ನೋಡಿದ ದಿನವೇ ಬಾಗಲಗುಂಟೆಗೆ ಹೋದೆ. ಫೋನ್ ಮಾಡಿದರೆ ಎತ್ತುವುದಿಲ್ಲವಲ್ಲ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, "ಆಡು ಕೇಳಿದ್ರೆ ಗಂಟ್ಲು ತಾನೇ ಎದ್ ಬತ್ತದೆ ಕಣೇ. ಬಂದು ಅಲ್ಲೇ ನಿಂತ್ಕತದೆ. ನಂಗಾಗಲ್ಲ" ಎಂದಳು. ನಾನೂ ಕೂತು ಅವರೆಕಾಯಿ ಬಿಡಿಸಿದೆ. ಕೊನೆಯ ಸಾಲಿನಲ್ಲಿ ತುದಿಯ ಕುರ್ಚಿಯಲ್ಲಿ ಕೂರೋಣ, ನಿನಗೆ ತಡೆಯಲಾಗದಿದ್ದರೆ ಒಂದು ಮಾತೂ ಆಡದೆ ಎದ್ದು ಬರೋಣ, ನಮ್ಮ ಮನೆಯಲ್ಲಿ ಉಂಡು ಹೋಗುವೆಯಂತೆ ಎಂದು ಒಪ್ಪಿಸಿದೆ. ಅವನಿಗೆ ನಾವು ಬರುವುದನ್ನು ತಿಳಿಸಲಿಲ್ಲ. ಆಪರೇಷನ್ ವಿಷಯವೂ ಅವನಿಗೆ ಗೊತ್ತಿರಲಿಲ್ಲ.

ಶನಿವಾರ ಕರೆಂಟು ಮತ್ತಿಕೆರೆಯ ತನ್ನ ಎಲೆಕ್ಟ್ರಿಕಲ್ ಅಂಗಡಿಯ ಬಾಗಿಲನ್ನು ಹೊತ್ತಿಗೆ ಮುಂಚೆ ಎಳೆದು ಬಂದ. ಬಂದವನೇ ಧ್ವನಿವರ್ಧಕಗಳ ಕಡೆ ನೋಡಿ, ವೈರಿಂಗ್ ಸರಿಯಿಲ್ಲ ಎಂದು ಗೊಣಗಿದ. ಸನ್ಮಾನ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಶಾಲು ಹೊದ್ದವರು ಇಳಿಯುತ್ತಲೇ ಇನ್ನೊಬ್ಬರು ಹತ್ತುತ್ತಿದ್ದರು. ಅಂತೂ ಮೈಕು ಆರ್ಕೆಸ್ಟ್ರಾದವರ ಕೈಗೆ ಬಂದಾಗ ಬಜ್ಜಿ ಗಾಡಿಗಳ ಹತ್ತಿರ ನಿಂತಿದ್ದ ಹುಡುಗರೆಲ್ಲ ಓಡಿ ಬಂದರು.

ಅವನು ಬಂದ. ಹೊಟ್ಟೆ ಬಂದಿದೆ, ಕೂದಲಿಗೆ ಕಪ್ಪು ಹೊಡೆದಿದ್ದಾನೆ, ಮಿರಮಿರ ಮಿಂಚುವ ಕೋಟು. ಮೊದಲು ಕುಣಿಯುವ ಹಾಡುಗಳು. ಅವಳು ತಲೆ ತಗ್ಗಿಸಿ ಬ್ಯಾಗಿನ ಜಿಪ್ಪನ್ನು ಎಳೆಯುವುದು, ಮುಚ್ಚುವುದು ಮಾಡುತ್ತಿದ್ದಳು. ನಾನು ಅವಳ ಕಡೆ ನೋಡದ ಹಾಗೆ ನಟಿಸುತ್ತಾ ಅವಳನ್ನೇ ನೋಡುತ್ತಿದ್ದೆ. ಆಮೇಲೆ ಅವನು, ಈಗ ನಿಮ್ಮ ಡಬಲ್ ವಾಯ್ಸ್ ಎಂದ. ಕೀಬೋರ್ಡಿನವನು ಶುರು ಮಾಡಿದ ಕೂಡಲೇ ನನಗೆ ಹಾಡು ಗೊತ್ತಾಯಿತು. ನಮ್ಮ ಗಣೇಶನ ಮುಂದೆ ಪ್ರತಿ ವರ್ಷವೂ ಹಾಡಿದ ಡ್ಯೂಯೆಟ್ಟು. ಅವಳಿಗೂ ಗೊತ್ತಾಯಿತು. ಬ್ಯಾಗು ತೆಗೆದುಕೊಂಡು ಎದ್ದಳು.

ನಾನು ಮಾತು ಕೊಟ್ಟಿದ್ದೆನಲ್ಲ, ನಾನೂ ಎದ್ದೆ. ಕರೆಂಟು ಕಾಲು ಮಡಚಿ ದಾರಿ ಬಿಟ್ಟ. ಅವನು ಗಂಡು ದನಿಯ ಪಲ್ಲವಿಯನ್ನು ಮುಗಿಸಿದ. ಅವಳು ಒಂದು ಹೆಜ್ಜೆ ಇಟ್ಟಿದ್ದಳಷ್ಟೇ. ಆಗ ಹೆಣ್ಣು ದನಿ ಬಂತು.

ಹೇಗೆ ಹೇಳಲಿ? ಗಂಡಸರು ಹೆಣ್ಣು ದನಿ ತೆಗೆಯುವುದನ್ನು ನೀವೂ ಕೇಳಿರುತ್ತೀರಿ. ಮೂಗಿನಿಂದ ಎಳೆದು, ಸಣ್ಣಗೆ ಮಾಡಿ, ನಗೆಪಾಟಲಾಗುತ್ತದೆ. ಇದು ಅದಲ್ಲ. ಇದು ಹದಿನೆಂಟು ವರ್ಷದ ಒಬ್ಬ ಹುಡುಗಿಯ ದನಿ, ಮತ್ತು ಆ ಹುಡುಗಿ ನನಗೆ ಗೊತ್ತು. ಆ ಮೈದಾನ, ಆ ದೀಪಗಳು, ಮುಂದೆ ಕುಣಿಯುತ್ತಿದ್ದ ಹುಡುಗರು ಎಲ್ಲ ಇದ್ದಲ್ಲೇ ಇದ್ದವು, ಆದರೆ ನನ್ನ ಎದುರು ಮನೆಯವಳು ಹಾಡುತ್ತಿದ್ದಳು. ಪಕ್ಕದಲ್ಲಿ ಅವಳೇ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಕಳ್ಳರಿಗೆ ಮೊದಲು ಕಾಣುವುದು ಕಳ್ಳದಾರಿಯೇ. ನಾನು ಪರದೆಯ ಹಿಂದೆ ಯಾರಿದ್ದಾರೆಂದು ಕತ್ತು ಉದ್ದ ಮಾಡಿದೆ. ಕರೆಂಟು ನನಗಿಂತ ಒಂದು ಕೈ ಮೇಲೆ. ಎದ್ದು ಸೀದಾ ಸ್ಟೇಜಿನ ಹಿಂದಕ್ಕೇ ಹೋಗಿ ನೋಡಿಕೊಂಡು ಬಂದ. "ಯಾರೂ ಇಲ್ಲ ಕಣ್ರೇ. ವೈರೂ ಇಲ್ಲ. ಅವ್ನೇ ಆಡ್ತಾವ್ನೆ" ಎಂದ.

ಅವನು ಅತ್ತ ಹೋಗಿದ್ದಾಗಲೇ ಪಲ್ಲವಿಯ ಎರಡನೆಯ ಸಾಲಿನ ಕೊನೆ ಬಂದಿತ್ತು. ಅಲ್ಲಿ ಆ ದನಿ ಇದ್ದಕ್ಕಿದ್ದ ಹಾಗೆ ಸ್ವಲ್ಪ ಮೇಲಕ್ಕೆ ಎದ್ದು, ಹಾಗೇ ಇಳಿದು, ಸಾಲು ಮುಗಿಸಿತ್ತು.

ಆ ಏರಿಕೆ ಆ ಹಾಡಿನಲ್ಲಿಲ್ಲ. ನಿಜವಾದ ಹಾಡಿನಲ್ಲಿ ಆ ಸಾಲು ನೆಟ್ಟಗೆ ನಿಲ್ಲುತ್ತದೆ. ನಮ್ಮ ಹಾಡಿನಲ್ಲಿ ಮಾತ್ರ ಏರುತ್ತದೆ. ಆ ಹಾಡನ್ನು ಕರೆಂಟು ರೇಡಿಯೋದಿಂದ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಳ್ಳುವಾಗ, ಸರಿಯಾಗಿ ಆ ಸಾಲಿಗೆ ಪಕ್ಕದ ರಾಗಿ ಮಿಲ್ಲಿನ ಮೋಟರ್ ಹಾಕಿದ್ದರು. ನಮ್ಮ ಬೀದಿಯ ಬಲ್ಬುಗಳೆಲ್ಲ ಒಂದು ಗಳಿಗೆ ಮಂಕಾದವು, ಟೇಪು ನಿಧಾನವಾಯಿತು. ರೆಕಾರ್ಡ್ ಆಗುವಾಗ ನಿಧಾನವಾದದ್ದು ಆಮೇಲೆ ಹಾಕಿ ಕೇಳಿದರೆ ಬೇಗ ಓಡಿ ದನಿ ಮೇಲೇರುತ್ತದಂತೆ. ಅವಳು ಆ ಹಾಡು ಕಲಿತದ್ದು ಆ ಒಂದು ಕ್ಯಾಸೆಟ್ಟಿನಿಂದ. ಹಾಡೇ ಹಾಗಿದೆ ಎಂದುಕೊಂಡು ಅವಳು ಅದನ್ನೂ ಕಲಿತಳು, ಎಷ್ಟು ಚೆನ್ನಾಗಿ ಕಲಿತಳೆಂದರೆ ಮುಂದೆ ನಿಜವಾದ ಹಾಡು ಕೇಳಿದಾಗ ನಮಗೆಲ್ಲ ಅದೇ ಸಪ್ಪೆ ಎನ್ನಿಸಿತು. ಮಿಲ್ಲಿನ ತಪ್ಪನ್ನು ಸಂಗೀತ ಮಾಡಿದವಳು ಪ್ರಪಂಚದಲ್ಲಿ ಒಬ್ಬಳೇ.

ಈಗ ಅದು ಅವನ ಬಾಯಿಂದ ಬಂತು. ಉಸಿರು ತೆಗೆದುಕೊಳ್ಳುವ ಜಾಗವೂ ಅವಳದೇ, ಸಾಲಿನ ನಡುವಿನ ಸಣ್ಣ ನಗುವೂ ಅವಳದೇ. ಅವಳು ಮದುವೆಯಾಗಿ ಹೋದ ಮೇಲೆ ಒಪ್ಪಿಕೊಂಡ ಕಾರ್ಯಕ್ರಮಗಳಿಗೆ ಅವನೇನು ಮಾಡಿರಬಹುದೆಂದು ನಾವು ಯಾವತ್ತೂ ಯೋಚಿಸಿರಲಿಲ್ಲ. ಅವನು ಬೇರೆ ಹುಡುಗಿಯನ್ನು ಹುಡುಕಿರಲಿಲ್ಲ. ತುಟಿಗೆ ಬಾಯಿಪಾಠವಾಗಿದ್ದಕ್ಕೆ ಗಂಟಲನ್ನು ಹೊಂದಿಸಿಕೊಂಡಿದ್ದ. ಎಷ್ಟು ವರ್ಷ ಹಿಡಿಯಿತೋ, ಎಷ್ಟು ಜನ ನಕ್ಕರೋ. ಅವನನ್ನು ಶಾಲು ಕದ್ದವನೆಂದು ಇಷ್ಟು ಕಾಲ ಒಳಗೊಳಗೇ ಬೈದುಕೊಂಡಿದ್ದ ನನಗೆ ಅವತ್ತು ಕೈಮುಗಿಯಬೇಕೆನ್ನಿಸಿತು.

ಅವಳು ಬ್ಯಾಗನ್ನು ಎದೆಗವಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ನನ್ನ ಕೈ ಹಿಡಿದಳು. "ಅದು ನಾನು ಕಣೇ" ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆರ್ಕೆಸ್ಟ್ರಾದವರು ಹಾಡಿನ ನಡುವೆ ಸಂಗೀತ ಬಂದಾಗ ವೈರಿಲ್ಲದ ಮೈಕು ಹಿಡಿದು ಜನರ ನಡುವೆ ಇಳಿಯುವುದು ರೂಢಿ. ಅವನೂ ಇಳಿದ. ಮಕ್ಕಳ ಕೈ ಕುಲುಕುತ್ತಾ, ಅಜ್ಜಿಯರಿಗೆ ನಮಸ್ಕರಿಸುತ್ತಾ ನಮ್ಮ ಸಾಲಿನ ಹತ್ತಿರ ಬಂದವನು ಅವಳನ್ನು ಕಂಡು ನಿಂತುಬಿಟ್ಟ. ಆ ಮಿಂಚುವ ಕೋಟಿನೊಳಗೆ ಮೂಟೆಯ ಮೇಲೆ ಕೂತ ಹುಡುಗನೇ ಕಾಣಿಸಿದ, ಪಾಪ, ಅಷ್ಟು ಗಾಬರಿ. ಚರಣದ ಮೊದಲ ಸಾಲು ಹೆಣ್ಣಿನದು. ಅವನು ಎರಡೂ ಕೈಯಲ್ಲಿ ಮೈಕು ಹಿಡಿದು, ಪ್ರಸಾದ ಕೊಡುವ ಹಾಗೆ, ಅವಳ ಮುಂದೆ ಚಾಚಿದ.

ಅವನಿಗೆ ಗೊತ್ತಿಲ್ಲ. ಸಾವಿರ ಕಣ್ಣು ನಮ್ಮ ಕಡೆ ತಿರುಗಿವೆ. ಸ್ಟೇಜಿನ ಪಕ್ಕದ ದೊಡ್ಡ ವಿಡಿಯೋ ಪರದೆಯ ಮೇಲೆ ಅವಳ ಮುಖ ಬಂದಿದೆ. ಕೀಬೋರ್ಡಿನವನು ಅದೇ ತುಣುಕನ್ನು ಮತ್ತೆ ಮತ್ತೆ ಬಾರಿಸುತ್ತಾ ಕಾಯುತ್ತಿದ್ದಾನೆ. ನಾನು ಮೈಕನ್ನು ತಳ್ಳಿಬಿಡೋಣವೆಂದು ಕೈ ಎತ್ತಿದೆ. ಅವಳು ನನ್ನ ಕೈಯನ್ನು ಇಳಿಸಿ, ಮೈಕಿಗೆ ಬಾಯಿ ಕೊಟ್ಟು ಹೇಳಿದಳು.

"ಹೆಣ್ಣು ನೀನೇ ಆಡು. ಗಂಡು ನಾನ್ ಆಡ್ತೀನಿ."

ಆ ಒರಟು ದನಿ ಮೈದಾನವಿಡೀ ಕೇಳಿತು. ಕೆಲವರು ನಕ್ಕರು. ಅವನು ನಗಲಿಲ್ಲ. ಅವನ ಕಣ್ಣು ಅವಳ ಕುತ್ತಿಗೆಯಲ್ಲಿದ್ದ ಆಪರೇಷನ್ನಿನ ಗೆರೆಯ ಮೇಲೆ ಹೋಯಿತು, ಹಿಂದಕ್ಕೆ ಬಂತು. ಕೀಬೋರ್ಡಿನವನಿಗೆ ಕೈಸನ್ನೆ ಮಾಡಿ ಹೆಣ್ಣಿನ ಸಾಲನ್ನು ಎತ್ತಿಕೊಂಡ.

ಗಂಡಿನ ಸಾಲು ಬಂತು. ಮೊದಲ ಅಕ್ಷರಕ್ಕೆ ಬರೀ ಗಾಳಿ ಬಂತು. ಎರಡನೆಯದಕ್ಕೆ ಒಡೆಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಎಲ್ಲಿಂದಲೋ, ತೀರಾ ಕೆಳಗಿನಿಂದ, ದನಿ ನಿಂತಿತು. ಚೆನ್ನಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಗರಗರ ಎನ್ನುತ್ತಿತ್ತು, ಉದ್ದ ಎಳೆಯಬೇಕಾದ ಕಡೆ ಉಸಿರು ಸಾಲುತ್ತಿರಲಿಲ್ಲ. ಆದರೆ ಶ್ರುತಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ದನಿ ಹೋದರೂ ಹಾಡು ಹೋಗಿರಲಿಲ್ಲ. ಅದು ಎರಡು ವರ್ಷ ಅವಳೊಳಗೇ ಕೂತಿತ್ತು, ಅವಳೇ ನೋಡಿರಲಿಲ್ಲ. ಅವಳ ಎಳೆಯ ದನಿ ಅವನ ಬಾಯಲ್ಲಿ, ಅವಳ ಈಗಿನ ದನಿ ಅವಳ ಬಾಯಲ್ಲಿ, ಎರಡೂ ಒಂದಕ್ಕೊಂದು ದಾರಿ ಬಿಡುತ್ತಾ ಹಾಡು ಮುಗಿಸಿದವು. ನಾನು ನನ್ನ ಬದುಕಿನಲ್ಲಿ ಅಂಥದ್ದನ್ನು ಕೇಳಿಲ್ಲ. ಇನ್ನು ಕೇಳುವುದೂ ಇಲ್ಲ.

ಜನ ಚಪ್ಪಾಳೆ ತಟ್ಟಿದರು, ಎಲ್ಲ ಹಾಡಿಗೂ ತಟ್ಟಿದಷ್ಟೇ. ಅವನು ಮುಂದಿನ ಹಾಡಿಗೆ ಸ್ಟೇಜಿಗೆ ಓಡಬೇಕಾಗಿತ್ತು. ಕೋಟಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾ ಓಡಿದ. ನಮ್ಮ ಹಿಂದೆ ನಿಂತಿದ್ದ ಒಬ್ಬ ಯುವಕ, ಕೈಯಲ್ಲಿ ಬಜ್ಜಿ ಪೊಟ್ಟಣ, ತನ್ನ ಗೆಳೆಯನಿಗೆ, "ಹೆಣ್ ವಾಯ್ಸ್ ಮಾತ್ರ ಸೂಪರ್ ಮಗಾ. ಗಂಡ್ ವಾಯ್ಸ್ ಸುಮಾರು" ಎಂದ.

ನಾನು ಜಗಳಕ್ಕೇ ತಿರುಗಿದೆ. ನನಗಿಂತ ಮೊದಲು ಅವಳು ತಿರುಗಿದ್ದಳು. ಕೆನ್ನೆ ಇನ್ನೂ ಒದ್ದೆಯಿತ್ತು. ಆ ಒಡೆದ ದನಿಯನ್ನು ಇಳಿಸದೆ, ಅವನಿಗೂ ಅವನ ಗೆಳೆಯನಿಗೂ ಚೆನ್ನಾಗಿ ಕೇಳುವ ಹಾಗೆ ಹೇಳಿದಳು.

"ಎರಡೂ ನಂದೇ ಕಣಪ್ಪ."